ಇಲ್ಲದ ಊರಿನ ಕಟ್ಟಡಗಳು

ಚಿತ್ರವನ್ನು ತೋರಿಸದೆ ಚಿತ್ರದ ಬಗ್ಗೆ ಮಾತಾಡಬೇಕಾದ ಜಾಗ ಇದು. ಆದ್ದರಿಂದ ಮೊದಲು ಒಂದು ಚಿತ್ರವನ್ನು ಮಾತಿನಲ್ಲೇ ನಿಮ್ಮ ಮುಂದಿಡುತ್ತೇನೆ.

ಅಗಲವಾದ ಒಂದು ಕಾಲುವೆ. ನೀರಿನ ಮೇಲೆ ದೋಣಿಗಳು, ದೋಣಿಗಳಲ್ಲಿ ಹುಟ್ಟು ಹಾಕುತ್ತ ನಿಂತ ಜನ. ಎದುರಿಗೆ ಕಾಲುವೆಯನ್ನು ದಾಟುವ ಕಲ್ಲಿನ ಸೇತುವೆ. ಕೆಳಗೆ ಮೂರು ಕಮಾನು, ಮೇಲೆ ಕಂಬಗಳ ಸಾಲು, ನಟ್ಟನಡುವೆ ಗುಡಿಯ ಮುಖಮಂಟಪದಂಥ ಚಾವಡಿ. ಸೇತುವೆಯ ಆಚೆ ಈಚೆ ದಂಡೆಯ ಮೇಲೆ ಎರಡು ಭಾರಿ ಕಟ್ಟಡಗಳು, ಅವುಗಳಿಗೂ ಕಂಬಸಾಲಿನ ಮೊಗಸಾಲೆಗಳು. ಬಿಸಿಲು ಓರೆಯಾಗಿ ಬಿದ್ದು ಪ್ರತಿಯೊಂದು ಕಂಬದ ನೆರಳನ್ನೂ ಬಿಡಿಬಿಡಿಯಾಗಿ ತೋರಿಸುತ್ತಿದೆ. ವೆನಿಸ್ ನಗರವನ್ನು ಕಂಡವರು ಇದು ಅಲ್ಲಿಯ ದೊಡ್ಡ ಕಾಲುವೆ, ರಿಯಾಲ್ತೊ ಸೇತುವೆ ಇರುವ ತಿರುವು ಎಂದು ಗುರುತಿಸುತ್ತಾರೆ. ಮರುಕ್ಷಣವೇ ಅವರಿಗೆ ಗೊಂದಲವಾಗುತ್ತದೆ. ನೀರು ಅದೇ, ತಿರುವು ಅದೇ, ಗಾಳಿ ಬೆಳಕು ಅದೇ. ಕಟ್ಟಡಗಳು ಮಾತ್ರ ಅಲ್ಲಿಯವಲ್ಲ.

ಇಟಲಿಯ ಪಾರ್ಮಾ ನಗರದ ಕಲಾಸಂಗ್ರಹದಲ್ಲಿರುವ ಈ ಚಿತ್ರವನ್ನು 1750ರ ದಶಕದ ಕೊನೆಗೆ ಬರೆದವನು ಕನಲೆತ್ತೊ. ಅವನ ಪೂರ್ಣ ಹೆಸರು ಜೊವಾನ್ನಿ ಅಂತೋನಿಯೊ ಕನಾಲ್. 1697ರಲ್ಲಿ ವೆನಿಸ್‌ನಲ್ಲಿ ಹುಟ್ಟಿ 1768ರಲ್ಲಿ ಅಲ್ಲೇ ತೀರಿಕೊಂಡ. ತನ್ನ ಊರಿನ ಕಾಲುವೆ, ಚೌಕ, ಚರ್ಚು, ಮೆರವಣಿಗೆಗಳನ್ನು ಕಂಡ ಹಾಗೇ ಬರೆಯುವವನೆಂದು ಯುರೋಪಿನಾದ್ಯಂತ ಹೆಸರಾಗಿದ್ದವನು. ಅಂಥವನು ಇಲ್ಲದ ಸೇತುವೆಯನ್ನು, ಬೇರೆ ಊರಿನ ಕಟ್ಟಡಗಳನ್ನು ತನ್ನ ಊರಿನ ನಡುವೆ ತಂದು ಯಾಕೆ ನಿಲ್ಲಿಸಿದ?

ಹದಿನೆಂಟನೆಯ ಶತಮಾನದ ಇಟಲಿಯಲ್ಲಿ ಈ ಬಗೆಯ ಚಿತ್ರಗಳನ್ನು ಕಪ್ರಿಚ್ಚೊ ಎಂದು ಕರೆಯುತ್ತಿದ್ದರು. ಇದ್ದ ಊರನ್ನು ಇದ್ದ ಹಾಗೆ ತೋರಿಸುವ ಚಿತ್ರಕ್ಕೆ ವೆದೂತ ಎಂಬ ಹೆಸರಿತ್ತು. ಎರಡನ್ನೂ ಬರೆಯುತ್ತಿದ್ದವರು ಬಹುಮಟ್ಟಿಗೆ ಅದೇ ಕೈಗಳು. ಕನಲೆತ್ತೊ ತಾನೇ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿಸಿದ ಚಿತ್ರಮಾಲೆಯೊಂದರ ಮುಖಪುಟದಲ್ಲೇ, ಇವುಗಳಲ್ಲಿ ಕೆಲವು ಸ್ಥಳದಲ್ಲಿ ಕಂಡವು, ಕೆಲವು ಮನಸ್ಸಿನಲ್ಲಿ ಹೊಳೆದವು ಎಂದು ತಿಳಿಸಿದ್ದಾನೆ. ಯಾವುದು ಯಾವುದೆಂದು ಬಿಡಿಸಿ ಹೇಳುವ ಗೋಜಿಗೆ ಹೋಗಿಲ್ಲ. ನೋಡುವವರು ತಾವೇ ಕಂಡುಕೊಳ್ಳಲಿ ಎಂದು ಬಿಟ್ಟಿದ್ದಾನೆ.

ಈಗ ಆ ಸೇತುವೆಯ ಕಥೆ. ಹದಿನಾರನೆಯ ಶತಮಾನದಲ್ಲಿ ವೆನಿಸ್‌ನವರು ರಿಯಾಲ್ತೊದಲ್ಲಿದ್ದ ಹಳೆಯ ಮರದ ಸೇತುವೆಯನ್ನು ಕಿತ್ತು ಕಲ್ಲಿನದನ್ನು ಕಟ್ಟಬೇಕೆಂದು ವರ್ಷಗಟ್ಟಲೆ ಯೋಚಿಸುತ್ತಲೇ ಇದ್ದರು. ಆ ಕಾಲದ ಮಹಾ ವಾಸ್ತುಶಿಲ್ಪಿ ಆಂದ್ರೆಯಾ ಪಲ್ಲಾದಿಯೊ ಅದಕ್ಕೊಂದು ವಿನ್ಯಾಸ ಮಾಡಿದ. ಪ್ರಾಚೀನ ರೋಮಿನ ಗಾಂಭೀರ್ಯವೆಲ್ಲ ಅದರಲ್ಲಿತ್ತು. 1570ರಲ್ಲಿ ವಾಸ್ತುಶಾಸ್ತ್ರದ ಮೇಲೆ ತಾನು ಪ್ರಕಟಿಸಿದ ನಾಲ್ಕು ಸಂಪುಟಗಳ ಗ್ರಂಥದಲ್ಲಿ, ಮೂರು ಕಮಾನಿನ, ಕಂಬಸಾಲಿನ ಸೇತುವೆಯ ನಕ್ಷೆಯನ್ನು ಸೇರಿಸಿದ. ಆದರೆ ಅದನ್ನು ಯಾರೂ ಕಟ್ಟಲಿಲ್ಲ. 1580ರಲ್ಲಿ ಪಲ್ಲಾದಿಯೊ ತೀರಿಕೊಂಡ. 1588ರಿಂದ 1591ರವರೆಗೆ ಅಂತೋನಿಯೊ ದ ಪೊಂತೆ ಎಂಬಾತ ಒಂದೇ ಕಮಾನಿನ ಸೇತುವೆ ಕಟ್ಟಿದ. ಈಗ ವೆನಿಸ್‌ಗೆ ಹೋದವರೆಲ್ಲ ನಿಂತು ಫೋಟೊ ತೆಗೆಸಿಕೊಳ್ಳುವುದು ಅದರ ಮೇಲೆ. ನೀರಿನ ನಡುವೆ ಒಂದೂ ಕಾಲು ಊರದೆ ದಡದಿಂದ ದಡಕ್ಕೆ ಬಾಗಿದ ಕಮಾನು ಅದು. ದೋಣಿಗಳಿಗೆ ಅದರಿಂದ ಅನುಕೂಲವಾಯಿತು. ಪಲ್ಲಾದಿಯೊನ ಸೇತುವೆ ಪುಸ್ತಕದಲ್ಲೇ ಉಳಿಯಿತು.

ಆ ಪುಸ್ತಕ ಪ್ರಕಟವಾಗಿ ಸುಮಾರು ನೂರೆಂಬತ್ತು ವರ್ಷ ಕಳೆದ ಮೇಲೆ ಫ್ರಾಂಚೆಸ್ಕೊ ಅಲ್ಗರೊತ್ತಿ ಎಂಬ ವೆನಿಸ್‌ನ ವಿದ್ವಾಂಸ ಆ ಪುಟದಲ್ಲಿದ್ದ ಸೇತುವೆಯನ್ನು ನೀರಿನ ಮೇಲೆ ನೋಡಬಯಸಿದ. ಅಲ್ಗರೊತ್ತಿ ಸಾಮಾನ್ಯನಲ್ಲ, ಪ್ರಷ್ಯದ ದೊರೆ ಫ್ರೆಡರಿಕ್‌ನ ಸ್ನೇಹಿತ, ನ್ಯೂಟನ್ನನ ಬೆಳಕಿನ ಸಿದ್ಧಾಂತವನ್ನು ಜನಸಾಮಾನ್ಯರಿಗೆ ತಿಳಿಯುವ ಹಾಗೆ ಪುಸ್ತಕ ಬರೆದವನು. ಅವನು ಕನಲೆತ್ತೊನಿಂದ ಈ ಚಿತ್ರವನ್ನು ಬರೆಸಿದ. ಸೇತುವೆಯ ಎರಡು ಬದಿಗೂ ಪಲ್ಲಾದಿಯೊನ ಎರಡು ಕಟ್ಟಡಗಳು ಬಂದವು. ಒಂದು ಕಿಯೆರಿಕಾತಿ ಅರಮನೆ, ಇನ್ನೊಂದು ಬೆಸಿಲಿಕಾ ಎಂದು ಹೆಸರಾದ ಸಭಾಭವನ. ಇವೆರಡೂ ನಿಜವಾಗಿ ಕಟ್ಟಿದವೇ. ಆದರೆ ಇರುವುದು ವೆನಿಸ್‌ನಲ್ಲಲ್ಲ, ಅಲ್ಲಿಂದ ಪಶ್ಚಿಮಕ್ಕೆ ಅರವತ್ತು ಕಿಲೋಮೀಟರಿಗೂ ದೂರದ ವಿಚೆಂಜಾ ಪಟ್ಟಣದಲ್ಲಿ.

ಅಲ್ಗರೊತ್ತಿ 1759ರಲ್ಲಿ ಚಿತ್ರಕಾರನೊಬ್ಬನಿಗೆ ಬರೆದ ಪತ್ರದಲ್ಲಿ ಈ ಚಿತ್ರವನ್ನು ವರ್ಣಿಸಿದ್ದಾನೆ. ಇದು ಹೊಸ ಬಗೆಯ ಚಿತ್ರಕಲೆ, ನಿಜವಾದ ಸ್ಥಳವೊಂದನ್ನು ತೆಗೆದುಕೊಂಡು ಅಲ್ಲಿಂದ ಇಲ್ಲಿಂದ ತಂದ ಸುಂದರ ಕಟ್ಟಡಗಳಿಂದ ಅದನ್ನು ಅಲಂಕರಿಸುವುದು ಎಂಬ ಅರ್ಥದಲ್ಲಿ ಬರೆದು, ಇದನ್ನು ನೋಡಿದ ವೆನಿಸ್‌ನವರೇ ಕೆಲವರು, ನಾವಿನ್ನೂ ಕಾಣದ ಈ ಜಾಗ ಊರಿನ ಯಾವ ಭಾಗದಲ್ಲಿದೆ ಎಂದು ವಿಚಾರಿಸಿದರು ಎನ್ನುತ್ತಾನೆ. ಊರಲ್ಲೇ ಹುಟ್ಟಿ ಬೆಳೆದವರು ಕೇಳಿದ ಪ್ರಶ್ನೆ ಇದು.

ನನಗೆ ಈ ಚಿತ್ರ ಪ್ರಿಯವಾಗಿರುವುದಕ್ಕೆ ಕಾರಣ ಅದರ ಚಮತ್ಕಾರವಲ್ಲ. ಅದರೊಳಗೆ ಒಂದು ವಾದ ಇದೆ. ಈ ಊರು ಹೀಗೂ ಇರಬಹುದಿತ್ತು, ನಮ್ಮ ಹಿರಿಯರು ಬೇರೊಂದು ತೀರ್ಮಾನ ತೆಗೆದುಕೊಂಡಿದ್ದರೆ ನಾವು ಇದನ್ನು ದಿನವೂ ದಾಟುತ್ತಿದ್ದೆವು ಎಂದು ಅದು ಹೇಳುತ್ತದೆ. ನಗರವನ್ನು ವಿಮರ್ಶಿಸಲು ಲೇಖನ ಬರೆಯಬಹುದು, ಸಭೆಯಲ್ಲಿ ಮಾತಾಡಬಹುದು. ಕನಲೆತ್ತೊ ಮತ್ತು ಅಲ್ಗರೊತ್ತಿ ಆ ವಿಮರ್ಶೆಯನ್ನು ಬಣ್ಣದಲ್ಲಿ ಮಾಡಿದರು. ಅಂಥ ವಾದವನ್ನು ನಂಬಬೇಕಾದರೆ ಪ್ರತಿ ಕಂಬದ ಅಳತೆಯೂ ಸರಿಯಿರಬೇಕು, ನೆರಳು ಸರಿಯಾದ ಕಡೆ ಬೀಳಬೇಕು, ನೀರಿನಲ್ಲಿ ಪ್ರತಿಬಿಂಬ ಒಡೆಯುವ ರೀತಿ ಸರಿಯಿರಬೇಕು. ಕನಲೆತ್ತೊನ ರೇಖಾಚಿತ್ರಗಳ ಪುಸ್ತಕವೊಂದು ವೆನಿಸ್‌ನ ಅಕಾಡೆಮಿ ಸಂಗ್ರಹದಲ್ಲಿ ಉಳಿದಿದೆ. ಮನೆಯ ಮುಂಭಾಗಗಳನ್ನು ಒಂದರ ಪಕ್ಕ ಒಂದು ಗೆರೆಯಲ್ಲಿ ಹಿಡಿದು, ಯಾವ ಕಟ್ಟಡ, ಯಾವ ಗೋಡೆಗೆ ಯಾವ ಬಣ್ಣ ಎಂದು ಪಕ್ಕದಲ್ಲೇ ಗುರುತು ಹಾಕಿಕೊಂಡಿದ್ದಾನೆ. ಅಷ್ಟು ತಾಳ್ಮೆಯಿಂದ ಇದ್ದದ್ದನ್ನು ಕಲಿತವನಿಗೆ ಮಾತ್ರ ಇಲ್ಲದ್ದನ್ನು ಆ ಮಟ್ಟಕ್ಕೆ ಕಟ್ಟಲು ಬಂದೀತು.

ಇದು ಅವನ ಮೊದಲ ಪ್ರಯತ್ನವೂ ಅಲ್ಲ. 1743-44ರ ಸುಮಾರಿಗೆ, ವೆನಿಸ್‌ನಲ್ಲಿ ನೆಲೆಸಿದ್ದ ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವರ್ತಕನ ಮನೆಯ ಬಾಗಿಲುಗಳ ಮೇಲ್ಭಾಗಕ್ಕೆಂದು ಅವನೊಂದು ಚಿತ್ರಮಾಲೆಯನ್ನೇ ಬರೆದಿದ್ದ. ಅದರ ಒಂದು ಚಿತ್ರದಲ್ಲೂ ಪಲ್ಲಾದಿಯೊನ ಸೇತುವೆ ಇದೆ. ಇನ್ನೊಂದರಲ್ಲಿ ಸಂತ ಮಾರ್ಕನ ಚರ್ಚಿನ ಮೇಲಿನ ನಾಲ್ಕು ಕಂಚಿನ ಕುದುರೆಗಳನ್ನು ಕೆಳಗಿಳಿಸಿ, ಚೌಕದಲ್ಲಿ ಎತ್ತರದ ಪೀಠಗಳ ಮೇಲೆ ನಿಲ್ಲಿಸಿದ್ದಾನೆ. ಆ ಕುದುರೆಗಳು 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿಯಾದಾಗ ವೆನಿಸ್ ಪಾಲಿಗೆ ಬಂದವು. ಚರ್ಚಿನ ಮೇಲೆ ಅಷ್ಟೆತ್ತರದಲ್ಲಿದ್ದರೆ ಕೆಳಗಿನಿಂದ ನೋಡುವವರಿಗೆ ಅವುಗಳ ಶಿಲ್ಪ ಕಾಣುವುದಿಲ್ಲ. ಚಿತ್ರದಲ್ಲಿ ಕನಲೆತ್ತೊ ಆ ತೊಡಕನ್ನು ನಿವಾರಿಸಿದ್ದಾನೆ. ಸ್ಮಿತ್ ತನ್ನ ಸಂಗ್ರಹವನ್ನು 1762ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ಗೆ 20,000 ಪೌಂಡಿಗೆ ಮಾರಿದ. ಈ ಚಿತ್ರಗಳು ಇಂದಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಅದೇ ಸ್ಮಿತ್ 1746ರಲ್ಲಿ ವಿಸೆಂತೀನಿ, ಜುಕ್ಕರೆಲ್ಲಿ ಎಂಬ ಇಬ್ಬರು ಚಿತ್ರಕಾರರಿಂದ ಇಂಗ್ಲೆಂಡಿನ ಕಟ್ಟಡಗಳನ್ನು ಇಟಲಿಯ ಗುಡ್ಡಬೆಟ್ಟಗಳ ನಡುವೆ ಇರಿಸಿ ಬರೆಸಿದ. ಇಟಲಿಯ ಮಾದರಿಯನ್ನು ನೋಡಿಕೊಂಡು ಇಂಗ್ಲೆಂಡಿನಲ್ಲಿ ಕಟ್ಟಿದ ಮನೆಗಳು ಹೀಗೆ ಚಿತ್ರದ ಮೂಲಕ ಇಟಲಿಗೆ ಬಂದವು.

ಈ ಕಲೆಯ ಬೇರು ರಂಗಭೂಮಿಯಲ್ಲಿದೆ. ಕನಲೆತ್ತೊನ ತಂದೆ ಬೆರ್ನಾರ್ದೊ ಕನಾಲ್ ನಾಟಕದ ಪರದೆ ಬರೆಯುವವನು. ಮಗ ಕುಂಚ ಹಿಡಿದದ್ದು ಅವನ ಕೈಕೆಳಗೆ. 1720ರ ಹೊತ್ತಿಗೆ ತಂದೆ ಮಗ ಇಬ್ಬರೂ ರೋಮಿಗೆ ಹೋಗಿ ಅಲೆಸ್ಸಾಂದ್ರೊ ಸ್ಕಾರ್ಲತ್ತಿಯ ಒಪೆರಾಗಳಿಗೆ ರಂಗಸಜ್ಜಿಕೆ ಮಾಡಿದರು. ಮಾರ್ಕೊ ರಿಚ್ಚಿ ಎಂಬ ಇನ್ನೊಬ್ಬ ಲಂಡನ್ನಿನ ಒಪೆರಾ ರಂಗಕ್ಕೆ ದೃಶ್ಯ ಬರೆದು ಬಂದವನು. ಪಾಳುಬಿದ್ದ ಕಮಾನು, ಮುರಿದ ಕಂಬ, ನಡುವೆ ಹುಲ್ಲು ಮೇಯುವ ದನಗಳ ಚಿತ್ರಗಳನ್ನು ವೆನಿಸ್ ಕಡೆ ಬಳಕೆಗೆ ತಂದವರಲ್ಲಿ ಅವನು ಮುಖ್ಯ. ಆದರೆ ಇವರೆಲ್ಲರಿಗೂ ಹಿಂದೆ ಬಿಬಿಯೇನಾ ಮನೆತನವಿದೆ.

ಫೆರ್ದಿನಾಂದೊ ಗಲ್ಲಿ ಬಿಬಿಯೇನಾ 1657ರಲ್ಲಿ ಹುಟ್ಟಿದವನು. ಅವನಿಗಿಂತ ಮುಂಚೆ ರಂಗದ ಹಿಂದಿನ ಚಿತ್ರ ಹೇಗಿರುತ್ತಿತ್ತು ಎಂದರೆ, ನಡುವೆ ಒಂದು ಬೀದಿ ಅಥವಾ ಓಣಿ, ಎರಡೂ ಕಡೆ ಕಂಬಗಳು, ಎಲ್ಲ ಗೆರೆಗಳೂ ದೂರದಲ್ಲಿ ಒಂದೇ ಬಿಂದುವಿಗೆ ಹೋಗಿ ಸೇರುತ್ತಿದ್ದವು. ಪ್ರೇಕ್ಷಾಗೃಹದ ನಡುವೆ ದೊರೆ ಕೂತ ಆಸನದಿಂದ ಮಾತ್ರ ಅದು ಸರಿಯಾಗಿ ಕಾಣುತ್ತಿತ್ತು. ಬಿಬಿಯೇನಾ ಕಟ್ಟಡವನ್ನು ಓರೆಯಾಗಿ ತಿರುಗಿಸಿದ. ಕಟ್ಟಡದ ಮೂಲೆ ಪ್ರೇಕ್ಷಕರ ಕಡೆಗೆ ಬಂತು, ಗೆರೆಗಳು ಎಡಕ್ಕೂ ಬಲಕ್ಕೂ ಓಡಿ ರಂಗದ ಅಂಚನ್ನು ದಾಟಿ ಹೋದವು. ಇಪ್ಪತ್ತು ಅಡಿ ಅಗಲದ ಪರದೆಯ ಮೇಲಿನ ಅರಮನೆ ರಂಗದ ಆಚೆಗೂ ಹಬ್ಬಿದೆ ಎಂದು ನೋಡುವವರಿಗೆ ಅನ್ನಿಸತೊಡಗಿತು. 1711ರಲ್ಲಿ ಪಾರ್ಮಾದಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಈ ವಿಧಾನವನ್ನು ಲೆಕ್ಕಸಮೇತ ವಿವರಿಸಿದ. ಕಂಪನಿ ನಾಟಕಗಳನ್ನು ನೋಡಿದ ನಮ್ಮ ಹಿರಿಯರಿಗೆ ಅರಮನೆಯ ಪರದೆ, ಬೀದಿಯ ಪರದೆ ನೆನಪಿರಬಹುದು. ಹೊಳೆಯುವ ನೆಲ, ದೂರಕ್ಕೆ ಸಣ್ಣದಾಗುತ್ತ ಹೋಗುವ ಕಂಬಸಾಲು. ಯುರೋಪಿನ ಆ ಪರದೆಯ ಪದ್ಧತಿ ಪಾರ್ಸಿ ನಾಟಕ ಕಂಪನಿಗಳ ಮೂಲಕ ನಮ್ಮ ಕಡೆಗೂ ಬಂದದ್ದು.

ಕನಲೆತ್ತೊ ತರುಣನಾಗಿದ್ದಾಗಲೇ ರಂಗದ ಕೆಲಸ ಬಿಟ್ಟ, ಆದರೆ ಅಲ್ಲಿ ಕಲಿತದ್ದನ್ನು ಬಿಡಲಿಲ್ಲ. ಅದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. 1750ರಲ್ಲಿ ವೆನಿಸ್‌ನಲ್ಲಿ ಚಿತ್ರಕಲೆಯ ಅಕಾಡೆಮಿ ಶುರುವಾಯಿತು. ಆ ಕಾಲದ ಅಕಾಡೆಮಿಗಳ ಲೆಕ್ಕದಲ್ಲಿ ಪುರಾಣ, ಇತಿಹಾಸ, ಬೈಬಲ್ಲಿನ ಪ್ರಸಂಗಗಳನ್ನು ಬರೆಯುವವನು ಮೇಲಿನವನು. ಊರಿನ ದೃಶ್ಯ ಬರೆಯುವವನು ಬಹಳ ಕೆಳಗಿನವನು, ಕಂಡದ್ದನ್ನು ನಕಲು ಮಾಡುವ ಕಸುಬುದಾರ. ಯುರೋಪಿನಲ್ಲಿ ಇಷ್ಟು ಹೆಸರು ಮಾಡಿದ ಕನಲೆತ್ತೊನನ್ನು ಅಕಾಡೆಮಿ 1763ರ ಜನವರಿಯಲ್ಲಿ ಬೇಡವೆಂದಿತು, ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಸದಸ್ಯನಾದವನು ತನ್ನ ಕಲೆಯ ಗುರುತಾಗಿ ಒಂದು ಚಿತ್ರ ಕೊಡಬೇಕು. 1765ರಲ್ಲಿ ಅವನು ಕೊಟ್ಟದ್ದು ದೊಡ್ಡ ಕಾಲುವೆಯ ಚಿತ್ರವಲ್ಲ, ಸಂತ ಮಾರ್ಕನ ಚೌಕವೂ ಅಲ್ಲ. ಎಲ್ಲೂ ಇಲ್ಲದ ಒಂದು ಅರಮನೆ: ಕಂಬಸಾಲಿನ ನೆರಳಿನೊಳಗಿಂದ ಅಂಗಳದ ಕಡೆಗೆ ಓರೆಯಾಗಿ ನೋಡುವ ದೃಶ್ಯ. ಅರುವತ್ತೆಂಟನೆಯ ವಯಸ್ಸಿನಲ್ಲಿ, ನಕಲುಗಾರನೆಂದವರ ಮುಂದೆ ಅವನು ಇಟ್ಟ ಉತ್ತರ ಅದು. ಪರದೆ ಬರೆಯುವವನ ಮಗನ ಲೆಕ್ಕ ಅದರಲ್ಲಿ ಒಂದು ಗೆರೆಯಷ್ಟೂ ತಪ್ಪಿಲ್ಲ.

ವೆನಿಸ್‌ನಿಂದ ರೋಮಿಗೆ ಬರೋಣ. ಅಲ್ಲಿ ಈ ಕಲೆಯ ದೊಡ್ಡ ಹೆಸರು ಜೊವಾನ್ನಿ ಪಾವ್ಲೊ ಪನ್ನೀನಿ. ಹುಟ್ಟಿದ್ದು 1691ರಲ್ಲಿ, ಪಿಯಾಚೆಂಜಾ ಪಟ್ಟಣದಲ್ಲಿ. ಅದು ಬಿಬಿಯೇನಾನ ಕೆಲಸ ನಡೆಯುತ್ತಿದ್ದ ಸೀಮೆಯೇ. 1711ರಲ್ಲಿ ರೋಮಿಗೆ ಬಂದು 1765ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ಅಲ್ಲಿದ್ದ ಫ್ರೆಂಚ್ ಅಕಾಡೆಮಿಯಲ್ಲಿ ಪರ್ಸ್‌ಪೆಕ್ಟಿವ್, ಅಂದರೆ ದೂರ ಹತ್ತಿರಗಳನ್ನು ಗೆರೆಯ ಲೆಕ್ಕದಲ್ಲಿ ತೋರಿಸುವ ವಿದ್ಯೆ, ಕಲಿಸುತ್ತಿದ್ದ. ಅವನ ಮಗ ಜುಸೆಪ್ಪೆ ವಾಸ್ತುಶಿಲ್ಪಿಯಾದ. ರೋಮಿನ ಪ್ರಸಿದ್ಧ ತ್ರೇವಿ ಕಾರಂಜಿಯನ್ನು 1762ರಲ್ಲಿ ಪೂರ್ಣಗೊಳಿಸಿದವನು ಆ ಮಗನೇ.

ಉತ್ತರ ಯುರೋಪಿನ ಶ್ರೀಮಂತ ಮನೆತನಗಳ ಯುವಕರು ವಿದ್ಯಾಭ್ಯಾಸ ಮುಗಿಸಿ ಇಟಲಿಗೆ ಬಂದು ತಿಂಗಳುಗಟ್ಟಲೆ ಇದ್ದು ಹೋಗುವ ಪದ್ಧತಿ ಆಗ ಜೋರಾಗಿತ್ತು. ಅದನ್ನು ಗ್ರ್ಯಾಂಡ್ ಟೂರ್ ಎನ್ನುತ್ತಿದ್ದರು. ಊರಿಗೆ ಮರಳುವಾಗ ಅವರಿಗೆ ರೋಮು ಬೇಕು, ಇಡೀ ರೋಮು ಬೇಕು. ಆದರೆ ರೋಮಿನ ಸ್ಮಾರಕಗಳು ಊರ ತುಂಬ ಚದುರಿವೆ. ಪನ್ನೀನಿ ಅವುಗಳನ್ನು ಒಂದೆಡೆ ಕೂಡಿಸಿದ. 1735ರಲ್ಲಿ ಅವನು ಬರೆದ ಜೋಡಿ ಚಿತ್ರಗಳು ಈಗ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿವೆ. ಒಂದರಲ್ಲಿ ಪ್ಯಾಂಥಿಯನ್ ದೇವಾಲಯ ಮುಂದಾಳು, ಇನ್ನೊಂದರಲ್ಲಿ ಕೊಲೊಸಿಯಂ. ಅವುಗಳ ಸುತ್ತ ಬೇರೆ ಬೇರೆ ದಿಕ್ಕಿನ ಕಂಬ, ಕಮಾನು, ಪ್ರತಿಮೆಗಳು ಒಂದೇ ಬಯಲಿನಲ್ಲಿ ನೆರೆದಿವೆ. ಪ್ರತಿಯೊಂದನ್ನೂ ಬಿಡಿಯಾಗಿ ತೆಗೆದು ನೋಡಿದರೆ ಅದು ನಿಜವೇ. ಅವು ಒಟ್ಟಿಗೆ ನಿಂತಿರುವ ಬಯಲು ಮಾತ್ರ ಭೂಮಿಯ ಮೇಲೆ ಇಲ್ಲ. ಆ ಕಲ್ಲುಗಳ ನಡುವೆ ಅವನು ಕೆಂಪು, ನೀಲಿ ಬಟ್ಟೆಯ ಪುಟ್ಟ ಪುಟ್ಟ ಜನರನ್ನು ಓಡಾಡಿಸುತ್ತಾನೆ. ಅವರಿಲ್ಲದಿದ್ದರೆ ಕಂಬದ ಎತ್ತರ ನಮಗೆ ತಿಳಿಯುವುದೇ ಇಲ್ಲ.

ಇವು ಪ್ರವಾಸಿಗರಿಗೆ ಮಾರಿದ ಚಿತ್ರಗಳು, ಹಾಗಾಗಿ ಹಗುರವಾದವು ಎಂದು ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಪನ್ನೀನಿಯ ಪ್ಯಾಂಥಿಯನ್ ಒಳಾಂಗಣದ ಚಿತ್ರವನ್ನೇ ತೆಗೆದುಕೊಳ್ಳಿ. 1734ರ ಸುಮಾರಿನದು, ಈಗ ವಾಷಿಂಗ್ಟನ್‌ನಲ್ಲಿದೆ. ಹೆಸರಿಗೆ ಅದು ಇದ್ದುದನ್ನು ಇದ್ದ ಹಾಗೆ ತೋರಿಸುವ ಚಿತ್ರ. ಪ್ಯಾಂಥಿಯನ್ನಿನ ಗುಮ್ಮಟದ ವ್ಯಾಸ 43 ಮೀಟರಿಗೂ ಸ್ವಲ್ಪ ಹೆಚ್ಚು. ನೆಲದಿಂದ ಗುಮ್ಮಟದ ತುದಿಗೂ ಅಷ್ಟೇ ಎತ್ತರ. ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ಒಂದು ದುಂಡನೆಯ ಕಂಡಿ. ಅಲ್ಲಿ ನಿಂತವರು ಕತ್ತೆತ್ತಿದರೆ ಕಂಡಿ ಕಾಣುತ್ತದೆ, ಆಗ ನೆಲ ಕಾಣುವುದಿಲ್ಲ. ನೆಲ ನೋಡಿದರೆ ಗುಮ್ಮಟ ತಪ್ಪುತ್ತದೆ. ಪನ್ನೀನಿಯ ಚಿತ್ರದಲ್ಲಿ ನೆಲವೂ ಇದೆ, ಓಡಾಡುವ ಜನವೂ ಇದ್ದಾರೆ, ಕಂಡಿಯೂ ಅದರಾಚೆಯ ಆಕಾಶವೂ ಇದೆ, ಒಳಗೆ ಬಿದ್ದ ಬಿಸಿಲಿನ ದುಂಡು ಮಚ್ಚೆಯೂ ಇದೆ. ಒಂದು ಜೊತೆ ಕಣ್ಣಿಗೆ ಒಂದೇ ನೋಟಕ್ಕೆ ಸಿಗದ ದೃಶ್ಯ ಅದು. ಅದಕ್ಕಾಗಿ ಅವನು ಪರ್ಸ್‌ಪೆಕ್ಟಿವ್ ಅನ್ನು ಮೆಲ್ಲಗೆ ಹಿಗ್ಗಿಸಿದ್ದಾನೆ. ಅಲ್ಲಿಗೆ ಹೋಗಿ ಕತ್ತು ತಿರುಗಿಸುತ್ತ ಸುತ್ತು ಹಾಕಿ ಬಂದವರ ಮನಸ್ಸಿನಲ್ಲಿ ಉಳಿಯುವ ಪ್ಯಾಂಥಿಯನ್ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹಾಗೆ ನೋಡಿದರೆ ವೆದೂತ ಮತ್ತು ಕಪ್ರಿಚ್ಚೊಗಳ ನಡುವಿನ ಗೋಡೆ ಬಹಳ ತೆಳುವಾದದ್ದು.

1757ರ ಹೊತ್ತಿಗೆ ಪನ್ನೀನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ರೋಮಿನಲ್ಲಿದ್ದ ಫ್ರಾನ್ಸಿನ ರಾಯಭಾರಿ, ಮುಂದೆ ಶುವಾಸೂಲ್ ಡ್ಯೂಕ್ ಎಂದು ಹೆಸರಾದವನು, ಪನ್ನೀನಿಯಿಂದ ಪ್ರಾಚೀನ ರೋಮು, ಆಧುನಿಕ ರೋಮು ಎಂಬ ಎರಡು ದೊಡ್ಡ ಚಿತ್ರಗಳನ್ನು ಬರೆಸಿದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಪ್ರತಿಗಳು ಎರಡು ಮೀಟರಿಗೂ ಅಗಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವುವು ಇನ್ನೂ ದೊಡ್ಡವು. ಚಿತ್ರದಲ್ಲಿರುವುದು ಎತ್ತರದ ಕಮಾನು ಚಾವಣಿಯ ಒಂದು ಭವ್ಯ ಚಿತ್ರಶಾಲೆ. ಅದರ ಗೋಡೆಗಳ ತುಂಬ ಚಿತ್ರಗಳು ತೂಗುಬಿದ್ದಿವೆ. ಒಂದೊಂದರಲ್ಲೂ ರೋಮಿನ ಒಂದೊಂದು ಸ್ಮಾರಕ. ಕೆಳಗೆ ಪ್ರಸಿದ್ಧ ಶಿಲ್ಪಗಳು ನಿಂತಿವೆ. ರಾಯಭಾರಿ ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದಾನೆ, ತರುಣ ಕಲಾವಿದರು ನೆಲದ ಮೇಲೆ ಕೂತು ನಕಲು ಮಾಡುತ್ತಿದ್ದಾರೆ. ಕುರ್ಚಿಯೊಂದರ ಹಿಂದೆ ಪನ್ನೀನಿಯೂ ಇದ್ದಾನೆ. ಅಂಥ ಚಿತ್ರಶಾಲೆ ಎಲ್ಲೂ ಇರಲಿಲ್ಲ. ಇಡೀ ನಗರವನ್ನು ಚಿತ್ರಗಳಾಗಿ ಮಾಡಿ, ಆ ಚಿತ್ರಗಳನ್ನು ಒಂದು ಕಲ್ಪಿತ ಕಟ್ಟಡದಲ್ಲಿ ತೂಗುಹಾಕಿ, ಆ ಕಟ್ಟಡವನ್ನೇ ಮತ್ತೆ ಚಿತ್ರ ಮಾಡಿದ್ದಾನೆ. ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನಡುವೆ ಒಂದು ಮಾತು ಹೇಳಿಬಿಡುತ್ತೇನೆ. ಈ ಕಲೆ ಎಲ್ಲ ಕಡೆಯೂ ಇಷ್ಟು ಮೇಲಕ್ಕೇರಲಿಲ್ಲ. 1720ರ ದಶಕದಲ್ಲಿ ಓವೆನ್ ಮಕ್‌ಸ್ವೈನಿ ಎಂಬ ಐರಿಷ್ ನಾಟಕ ವ್ಯವಸ್ಥಾಪಕ, ಲಂಡನ್ನಿನಲ್ಲಿ ಸಾಲ ಮಾಡಿ ಇಟಲಿಗೆ ಓಡಿಬಂದವನು, ಇಂಗ್ಲೆಂಡಿನ ಗಣ್ಯರಿಗೆ ಕಲ್ಪಿತ ಸಮಾಧಿಗಳನ್ನು ಬರೆಸುವ ಯೋಜನೆ ಹಾಕಿದ. ಒಬ್ಬ ಕಟ್ಟಡ ಬರೆಯಬೇಕು, ಇನ್ನೊಬ್ಬ ಮನುಷ್ಯರನ್ನು, ಮತ್ತೊಬ್ಬ ಹಿನ್ನೆಲೆಯನ್ನು. ಹೀಗೆ ಹಂಚಿಕೊಂಡು ಬರೆದ ಚಿತ್ರಗಳಲ್ಲಿ ನ್ಯೂಟನ್ನನದೂ ಒಂದು, ಈಗ ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿದೆ. ಭಾರಿ ಸಭಾಮಂಟಪ, ಅಸ್ಥಿಕಲಶ, ಪಟ್ಟಕದಿಂದ ಒಡೆದು ಬರುವ ಬೆಳಕಿನ ಕೋಲು. ನಿಜವಾಗಿ ನ್ಯೂಟನ್ನನನ್ನು ಹೂಳಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಯೋಜನೆಯ ಉದ್ದೇಶ ದೊಡ್ಡದು. ಆದರೆ ಬೇರೆ ಬೇರೆ ಕೈಗಳು ಒಂದಾಗಲಿಲ್ಲ ಎಂದೇ ನನಗನ್ನಿಸುತ್ತದೆ. ಕಟ್ಟಡ ಒಂದು ಹೇಳುತ್ತದೆ, ಜನ ಇನ್ನೊಂದು ಹೇಳುತ್ತಾರೆ.

ಇನ್ನು ಪಿರಾನೇಸಿ. ಅವನ ಬಗ್ಗೆ ಆತುರದಲ್ಲಿ ಮಾತಾಡಲು ನನಗೆ ಮನಸ್ಸಿಲ್ಲ.

ಜೊವಾನ್ನಿ ಬತ್ತಿಸ್ತಾ ಪಿರಾನೇಸಿ 1720ರಲ್ಲಿ ವೆನಿಸ್ ಸೀಮೆಯಲ್ಲಿ ಕಲ್ಲುಕುಟಿಗನ ಮಗನಾಗಿ ಹುಟ್ಟಿದ. ಜೀವನದುದ್ದಕ್ಕೂ ತನ್ನನ್ನು ವಾಸ್ತುಶಿಲ್ಪಿ ಎಂದೇ ಕರೆದುಕೊಂಡ. 1740ರಲ್ಲಿ ರೋಮಿಗೆ ಬಂದು, ರಂಗಸಜ್ಜಿಕೆಯವರ ಬಳಿಯೂ ತಾಮ್ರದ ತಗಡಿನ ಕೆತ್ತನೆಯವರ ಬಳಿಯೂ ಕೆಲಸ ಕಲಿತ. ಕಟ್ಟಡ ಕಟ್ಟುವ ಕೆಲಸ ಮಾತ್ರ ಸಿಗಲಿಲ್ಲ. 1743ರಲ್ಲಿ ಇಪ್ಪತ್ತೆರಡರ ಪ್ರಾಯದಲ್ಲಿ ತನ್ನ ಮೊದಲ ಚಿತ್ರಸಂಪುಟವನ್ನು ಹೊರತಂದಾಗ, ಅರ್ಪಣೆಯ ಮಾತಿನಲ್ಲಿ ಅವನು ಮನಸ್ಸು ಬಿಚ್ಚಿ ಬರೆದ. ರೋಮಿನ ಪಾಳುಗಳು ತನ್ನೊಡನೆ ಮಾತಾಡುತ್ತವೆ. ಅಂಥ ಕಟ್ಟಡಗಳನ್ನು ಈ ಕಾಲದಲ್ಲಿ ಕಟ್ಟಿಸುವ ದೊರೆಯೂ ಇಲ್ಲ, ಸಿರಿವಂತನೂ ಇಲ್ಲ. ಹಾಗಿರುವಾಗ ವಾಸ್ತುಶಿಲ್ಪಿಗೆ ತನ್ನ ಆಲೋಚನೆಗಳನ್ನು ಚಿತ್ರದಲ್ಲಿ ತೋರಿಸುವುದಲ್ಲದೆ ಬೇರೆ ದಾರಿಯಿಲ್ಲ ಎಂಬುದು ಅದರ ಸಾರ. ಈ ಕಲೆಯ ಇಡೀ ಇತಿಹಾಸದಲ್ಲಿ ಇಷ್ಟು ನೇರವಾಗಿ ಕಾರಣ ಹೇಳಿದವರು ಇನ್ನೊಬ್ಬರಿಲ್ಲವೆಂದು ನನ್ನ ಎಣಿಕೆ.

ಅವನ ಕೆಲಸದ ರೀತಿ ಹೀಗೆ. ತಾಮ್ರದ ತಗಡಿಗೆ ತೆಳ್ಳಗೆ ಮೇಣ ಬಳಿದು, ಅದರ ಮೇಲೆ ಸೂಜಿಯಿಂದ ಗೆರೆ ಎಳೆಯುವುದು. ಮೇಣ ಹೋದ ಕಡೆ ತಾಮ್ರ ಬಯಲಾಗುತ್ತದೆ. ತಗಡನ್ನು ಆಮ್ಲದಲ್ಲಿ ಇಟ್ಟರೆ ಆ ಗೆರೆಗಳನ್ನು ಆಮ್ಲ ತಿಂದು ತಗ್ಗು ಮಾಡುತ್ತದೆ. ಹೆಚ್ಚು ಹೊತ್ತು ಇಟ್ಟಷ್ಟೂ ತಗ್ಗು ಆಳ, ಆಳವಾದಷ್ಟೂ ಅಚ್ಚಿನಲ್ಲಿ ಗೆರೆ ಕಪ್ಪು. ಪಿರಾನೇಸಿ ಒಂದೇ ತಗಡಿನ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಹೊತ್ತು ಆಮ್ಲಕ್ಕೆ ಒಡ್ಡಿ, ದೂರದ ತೆಳು ಬೆಳಕಿನಿಂದ ಹತ್ತಿರದ ಗಾಢ ಕತ್ತಲೆಯವರೆಗೆ ಎಲ್ಲವನ್ನೂ ಪಡೆದ. ರೋಮಿನ ನಿಜದೃಶ್ಯಗಳನ್ನೇ ಅವನು ಜೀವಮಾನದಲ್ಲಿ 135 ತಗಡುಗಳಲ್ಲಿ ಕೊರೆದಿದ್ದಾನೆ. ಅಲ್ಲೂ ಗೋಡೆಗಳು ಬೆಳೆಯುತ್ತವೆ, ಮನುಷ್ಯರು ಕುಗ್ಗುತ್ತಾರೆ. ಆ ಚಿತ್ರಗಳನ್ನು ಮೊದಲೇ ನೋಡಿದ್ದ ಜರ್ಮನ್ ಕವಿ ಗಯಟೆ ರೋಮಿಗೆ ಹೋದಾಗ, ಪಿರಾನೇಸಿ ತೋರಿಸಿದ ವೈಭವವನ್ನು ನಿಜವಾದ ಕಟ್ಟಡಗಳಲ್ಲಿ ಕಾಣದೆ ನಿರಾಶೆಯಾಯಿತೆಂದು ಬರೆದಿದ್ದಾನೆ.

ಆದರೆ ಪಿರಾನೇಸಿಯ ಹೆಸರು ನಿಂತಿರುವುದು ಕಲ್ಪಿತ ಸೆರೆಮನೆಗಳ ಚಿತ್ರಮಾಲೆಯ ಮೇಲೆ. 1750ರ ಆಸುಪಾಸಿನಲ್ಲಿ 14 ಹಾಳೆಗಳಾಗಿ ಮೊದಲು ಬಂತು ಆ ಮಾಲೆ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು, ನಡುವೆ ಮರದ ಅಟ್ಟಗಳು, ಹಗ್ಗ, ರಾಟೆ, ಸರಪಳಿ, ಮೇಲೇರುವ ಮೆಟ್ಟಿಲುಗಳು. ಹೊರಗೋಡೆ ಎಲ್ಲೂ ಕಾಣುವುದಿಲ್ಲ. ಕೆಲವು ಮೆಟ್ಟಿಲುಗಳನ್ನು ಬೆರಳಿಟ್ಟು ಹಿಂಬಾಲಿಸಿದರೆ, ಮುಂದಿದ್ದ ಕಂಬ ಮೇಲೆ ಹೋಗುವಷ್ಟರಲ್ಲಿ ಹಿಂದಾಗಿರುತ್ತದೆ. ಕಲ್ಲಿನಲ್ಲಿ ಅದನ್ನು ಕಟ್ಟಲು ಆಗುವುದೇ ಇಲ್ಲ. ಪರ್ಸ್‌ಪೆಕ್ಟಿವ್ ತಿಳಿಯದವನ ತಪ್ಪಲ್ಲ ಅದು, ಬಿಬಿಯೇನಾನ ಪಾಠವನ್ನು ಪೂರ್ತಿ ಅರಗಿಸಿಕೊಂಡವನು ಬೇಕೆಂದೇ ಮಾಡಿದ್ದು. 1761ರಲ್ಲಿ ಅದೇ ತಗಡುಗಳನ್ನು ಮತ್ತೆ ಕೈಗೆತ್ತಿಕೊಂಡ. ಇನ್ನಷ್ಟು ಗೆರೆ, ಇನ್ನಷ್ಟು ಕತ್ತಲೆ, ಇನ್ನಷ್ಟು ಚಿತ್ರಹಿಂಸೆಯ ಯಂತ್ರಗಳು. ಎರಡು ಹೊಸ ಹಾಳೆ ಸೇರಿ 16 ಆಯಿತು. ಕನಲೆತ್ತೊ, ಪನ್ನೀನಿಯರ ಕಲ್ಪಿತ ಕಟ್ಟಡಗಳಲ್ಲಿ ನಮಗೆ ಓಡಾಡಬೇಕೆನ್ನಿಸುತ್ತದೆ. ಪಿರಾನೇಸಿಯ ಸೆರೆಮನೆಯಿಂದ ಹೊರಬರುವ ಬಾಗಿಲು ಎಲ್ಲಿ ಎಂದು ಕಣ್ಣು ಹುಡುಕುತ್ತದೆ. ಹಬ್ಬದ ರಂಗಕ್ಕೆಂದು ಹುಟ್ಟಿದ ವಿದ್ಯೆಯಿಂದಲೇ ಇಂಥ ಭಯವನ್ನು ಹುಟ್ಟಿಸಬಹುದೆಂದು ಅವನು ತೋರಿಸಿಕೊಟ್ಟ.

ಕಲ್ಲಿನಲ್ಲಿ ಕೆಲಸ ಮಾಡಲು ಅವನಿಗೆ ಸಿಕ್ಕ ಚರ್ಚು ಒಂದೇ. ರೋಮಿನ ಅವೆಂತೀನೊ ಗುಡ್ಡದ ಮೇಲೆ, 1764ರಿಂದ 66ರವರೆಗೆ ಅವನು ನವೀಕರಿಸಿದ ಸಾಂತ ಮರಿಯಾ ದೆಲ್ ಪ್ರಿಯೊರಾತೊ. ಚಿಕ್ಕದು, ಬಿಳಿಯದು. 1778ರಲ್ಲಿ ತೀರಿಕೊಂಡ ಪಿರಾನೇಸಿಯ ಸಮಾಧಿಯೂ ಅಲ್ಲೇ ಇದೆ.

ಫ್ರಾಂಚೆಸ್ಕೊ ಗ್ವಾರ್ದಿಯನ್ನು ಎರಡು ಮಾತಿನಲ್ಲಾದರೂ ನೆನೆಯಬೇಕು. ವೆನಿಸ್‌ನವನು, 1712ರಿಂದ 1793ರವರೆಗೆ ಬಾಳಿದವನು. ಅವನ ಕಪ್ರಿಚ್ಚೊಗಳಲ್ಲಿ ಎಷ್ಟೋ ಅಂಗೈ ಎರಡಂಗೈಯಷ್ಟೇ ದೊಡ್ಡವು: ಕೆರೆಯಂಥ ಕಡಲ ಹಿನ್ನೀರು, ದಂಡೆಯಲ್ಲಿ ಒಂಟಿ ಕಮಾನು, ಬಲೆ ಒಣಗಿಸುವ ಬೆಸ್ತರು. ಕಂಬಗಳ ಅಳತೆಯ ಬಗ್ಗೆ ಅವನಿಗೆ ಕನಲೆತ್ತೊನ ಹಟವಿಲ್ಲ; ಕುಂಚ ನಡುಗಿದ ಹಾಗೆ ಓಡುತ್ತದೆ, ಕಲ್ಲು ಗಾಳಿಯಲ್ಲಿ ಅಲುಗುತ್ತದೆ. ಗೆರೆಯ ಲೆಕ್ಕ ಬಲ್ಲವರ ಸಾಲಿನಲ್ಲಿ ಅವನೊಬ್ಬ ಬೆಳಕಿನ ಮನುಷ್ಯ.

ಕೊನೆಯದಾಗಿ ಕನಲೆತ್ತೊನ ಅಕ್ಕತಂಗಿಯೊಬ್ಬಳ ಮಗ ಬೆರ್ನಾರ್ದೊ ಬೆಲ್ಲೊತ್ತೊ. ಸೋದರಮಾವನ ಬಳಿ ಕೆಲಸ ಕಲಿತು 1747ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿಗೆ ಹೋದ, ಅಲ್ಲಿ ಆಸ್ಥಾನದ ಚಿತ್ರಕಾರನಾದ. ಪಾಳು ಕಟ್ಟಡಗಳನ್ನು ಕಲ್ಪಿಸಿ ಬರೆಯುವುದು ಮನೆತನದ ವಿದ್ಯೆ. ಆದರೆ 1760ರಲ್ಲಿ ಪ್ರಷ್ಯದ ಫಿರಂಗಿಗಳು ಡ್ರೆಸ್ಡೆನ್ನಿನ ಮೇಲೆ ಗುಂಡು ಸುರಿಸಿದಾಗ ನಿಜವಾದ ಪಾಳೇ ಅವನ ಎದುರು ಬಂತು. ಅವನ ಮನೆಯೂ ಅದರಲ್ಲಿ ಹೋಯಿತು. 1765ರಲ್ಲಿ ಅವನು ಬರೆದ ಕ್ರೊಯ್ಟ್ಸ್ ಚರ್ಚಿನ ಅವಶೇಷದ ಚಿತ್ರ ಇದೆ. ಗೋಪುರ ಸೀಳಿ ನಿಂತಿದೆ, ಕೆಳಗೆ ಇಟ್ಟಿಗೆ ಕಲ್ಲಿನ ರಾಶಿ, ಅದನ್ನು ತೆರವು ಮಾಡುವ ಕೂಲಿಗಳು, ನೋಡುತ್ತ ನಿಂತ ಊರವರು. ಯಾವ ಕಪ್ರಿಚ್ಚೊದ ಪಾಳಿನಲ್ಲೂ ಇಲ್ಲದ ಧೂಳು ಅದರಲ್ಲಿದೆ. ಅದೇ ವರ್ಷಗಳಲ್ಲೇ ಅವನು ಒಂದು ಕಲ್ಪಿತ ಅರಮನೆಯನ್ನೂ ಬರೆದ. ಅದರ ನಡುವೆ ತಾನೇ ವೆನಿಸ್‌ನ ಉನ್ನತ ಅಧಿಕಾರಿಯ ಕೆಂಪು ನಿಲುವಂಗಿ ತೊಟ್ಟು ನಿಂತಿದ್ದಾನೆ. ಪಕ್ಕದ ಕಂಬಕ್ಕೆ ಅಂಟಿಸಿದ ಕಾಗದದ ಮೇಲೆ, ಚಿತ್ರಕಾರರಿಗೂ ಕವಿಗಳಿಗೂ ಇರುವ ಸ್ವಾತಂತ್ರ್ಯದ ಬಗ್ಗೆ ರೋಮಿನ ಕವಿ ಹೊರೇಸನ ಮಾತಿದೆ. ಮನೆ ಸುಟ್ಟುಹೋದ ಚಿತ್ರಕಾರ ಆ ಸ್ವಾತಂತ್ರ್ಯವನ್ನು ಕೇಳಿಕೊಂಡ ರೀತಿ ಅದು.

1767ರಲ್ಲಿ ಬೆಲ್ಲೊತ್ತೊ ಪೋಲೆಂಡಿನ ವಾರ್ಸಾಕ್ಕೆ ಬಂದ. ದೊರೆ ಸ್ತಾನಿಸ್ವಾವ್ ಆಗಸ್ಟ್ ತನ್ನ ಅರಮನೆಯ ಒಂದು ಕೋಣೆಗೆಂದು ಅವನಿಂದ ವಾರ್ಸಾದ ಬೀದಿ ಚೌಕಗಳ ದೃಶ್ಯಗಳನ್ನು ಬರೆಸಿದ. 1780ರಲ್ಲಿ ಸಾಯುವವರೆಗೂ ಅವನು ಅವನ್ನು ಬರೆಯುತ್ತಲೇ ಇದ್ದ. ಕೆಲವು ಕಡೆ, ಮಾವನಿಂದ ಬಂದ ಅಭ್ಯಾಸದಂತೆ, ಇದ್ದದ್ದನ್ನು ತುಸು ತಿದ್ದಿದ್ದಾನೆ. 1944ರಲ್ಲಿ ಜರ್ಮನ್ ಸೈನ್ಯ ಆ ಊರನ್ನು ಬೀದಿ ಬೀದಿಯಾಗಿ ಉರುಳಿಸಿತು, ಅರಮನೆಯನ್ನು ಸ್ಫೋಟಿಸಿತು. ಯುದ್ಧ ಮುಗಿದ ಮೇಲೆ ಹಳೆಯ ಊರನ್ನು ಮತ್ತೆ ಕಟ್ಟಲು ಹೊರಟವರು ಉಳಿದಿದ್ದ ನಕ್ಷೆ, ಫೋಟೊಗಳ ಜೊತೆಗೆ ಬೆಲ್ಲೊತ್ತೊನ ಚಿತ್ರಗಳನ್ನೂ ಮುಂದಿಟ್ಟುಕೊಂಡರು. ಕಿಟಕಿಯ ಚೌಕಟ್ಟು, ಸೂರಿನ ಅಂಚು, ಮುಂಭಾಗದ ಅಲಂಕಾರಗಳನ್ನು ಅವುಗಳಿಂದ ತೆಗೆದುಕೊಂಡರು. ಹೀಗೆ ಎದ್ದು ನಿಂತ ವಾರ್ಸಾದ ಹಳೆಯ ಪಟ್ಟಣವನ್ನು ಯುನೆಸ್ಕೊ 1980ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1971ರಿಂದ 84ರವರೆಗೆ ಅರಮನೆಯನ್ನೂ ಮರಳಿ ಕಟ್ಟಿದರು. ಬೆಲ್ಲೊತ್ತೊನ ಚಿತ್ರಗಳಿಗೆಂದು ಅಲ್ಲೊಂದು ಕೋಣೆ ಇದೆ. ಅದಕ್ಕೆ ಕನಲೆತ್ತೊ ಕೋಣೆ ಎಂದೇ ಹೆಸರು, ಏಕೆಂದರೆ ಪೋಲೆಂಡಿನಲ್ಲಿ ಬೆಲ್ಲೊತ್ತೊನನ್ನು ಜನ ಅವನ ಮಾವನ ಹೆಸರಿನಿಂದಲೇ ಕರೆದರು.